ಪರನಾಡಿನಲ್ಲಿ ಕುಂಚ ಹಿಡಿದ ಬ್ರದರ್ ಮೊಸ್ಕೇನಿ

ಅನ್ನಪೂರ್ಣೇಶ್ವರಿ ನಗರದ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಅನೇಕವು ಎಲ್ಲಿಂದಲೋ ಬಂದು ಇಲ್ಲಿ ನೆಲೆಯೂರಿದವು. ಕರಾವಳಿಯಿಂದ, ಮಲೆನಾಡಿನಿಂದ ಬಂದ ಹಿರಿಯರು ಸಾಲ ಮಾಡಿ ನಿವೇಶನ ಕೊಂಡು ಮನೆ ಕಟ್ಟಿದರು. ಇಂದು ಅದೇ ಮನೆಗಳ ಮಕ್ಕಳು ಕೆನಡ, ಐರ್ಲೆಂಡ್, ಆಸ್ಟ್ರೇಲಿಯಗಳಿಗೆ ಹೊರಡುತ್ತಿದ್ದಾರೆ. ದಾದಿಯರಾಗಿ, ಇಂಜಿನಿಯರುಗಳಾಗಿ ಹೋದವರ ಸುದ್ದಿಯನ್ನು ಭಾನುವಾರದ ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಚಿತ್ರಕಲೆಯನ್ನೋ ಸಂಗೀತವನ್ನೋ ಅನಿಮೇಷನ್ನನ್ನೋ ಕಲಿತು ಹೋದ ಮಕ್ಕಳ ಮಾತು ಬಂದಾಗ ಮಾತ್ರ ತಾಯಂದಿರ ದನಿ ತಗ್ಗುತ್ತದೆ. ಹಗಲು ಅಂಗಡಿಯ ಕಪಾಟು ಜೋಡಿಸಿ ರಾತ್ರಿ ಚಿತ್ರ ಬರೆಯುವ ಮಗನನ್ನು ಕುರಿತು ಏನೆಂದು ಹೇಳುವುದು? ಅವನು ಸೋತನೆಂದೇ, ಕಾಯುತ್ತಿದ್ದಾನೆಂದೇ?

ಈ ಪ್ರಶ್ನೆ ನಮ್ಮನ್ನು ಕಾಡಿದಾಗಲೆಲ್ಲ ನೆನಪಾಗುವವರು ಬ್ರದರ್ ಆಂತೋನಿಯೊ ಮೊಸ್ಕೇನಿ. ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡದ ಮಂಗಳೂರಿಗರು ವಿರಳ. ಕತ್ತೆತ್ತಿ ಛಾವಣಿ ನೋಡಿ, ಚೆನ್ನಾಗಿದೆ ಎಂದು ಹೊರಬರುತ್ತೇವೆ. ಅದನ್ನು ಬರೆದವರು ಪರದೇಶದಿಂದ ಬಂದು ನಡುವಯಸ್ಸಿನಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡವರು ಎಂಬುದು ಎಷ್ಟು ಮಂದಿಗೆ ತಿಳಿದಿದೆಯೋ.

ಮೊಸ್ಕೇನಿಯವರು 1854ರಲ್ಲಿ ಇಟಲಿಯ ಬೆರ್ಗಾಮೊ ಪಟ್ಟಣದ ಸಮೀಪದ ಸ್ತೆಜ್ಜಾನೊ ಎಂಬ ಊರಿನಲ್ಲಿ ಹುಟ್ಟಿದರು. ಬೆರ್ಗಾಮೊದ ಕರ‍್ರಾರ ಕಲಾಶಾಲೆಯಲ್ಲಿ ಕಲಿತು, ರೋಮಿಗೆ ಹೋಗಿ ಮಹಾನ್ ಕಲಾವಿದರ ಕೃತಿಗಳನ್ನು ಅಭ್ಯಾಸ ಮಾಡಿದರು. ತಮ್ಮ ಸೀಮೆಯ ದೇವಾಲಯಗಳಲ್ಲಿ ಚಿತ್ರ ಬರೆದು ಹೆಸರು ಗಳಿಸಿದರು. ಕೈತುಂಬ ಕೆಲಸವಿದ್ದ ಹೊತ್ತಿನಲ್ಲಿಯೇ, 1889ರಲ್ಲಿ, ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆಯನ್ನು ಬಯಸದೆ ಬ್ರದರ್ ಆಗಿಯೇ ಉಳಿದರು. 1898ರಲ್ಲಿ ಅವರನ್ನು ಮಂಗಳೂರಿಗೆ ಕಳುಹಿಸಲಾಯಿತು. ಆಗ ಅವರಿಗೆ 44 ವರ್ಷ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೊಸ್ಕೇನಿಯವರು ಕೆಲಸ ಹುಡುಕಿಕೊಂಡು ಬಂದವರಲ್ಲ. ಕೆಲಸವೇ ಅವರಿಗಾಗಿ ಕಾದಿತ್ತು. ಇಟಲಿಯ ಯೇಸುಸಭೆಯವರು ಮಂಗಳೂರಿಗೆ ಬಂದದ್ದು 1878ರ ಡಿಸೆಂಬರ್ 31ರಂದು. 1880ರಲ್ಲಿ ಕಾಲೇಜು ಆರಂಭವಾಯಿತು, ಕೆಲವೇ ವರ್ಷಗಳಲ್ಲಿ ಪ್ರಾರ್ಥನಾಲಯವೂ ಎದ್ದಿತು. ಗೋಡೆಗಳು ಮಾತ್ರ ಬರಿದಾಗಿದ್ದವು. ಇರಲು ಮನೆ, ಉಣ್ಣಲು ಊಟ, ತನ್ನ ಭಾಷೆಯನ್ನಾಡುವ ಸಹೋದರರು, ಎದುರಿಗೆ ಖಾಲಿ ಗೋಡೆ: ಇಂತಹ ಭಾಗ್ಯ ನಮ್ಮ ಮಕ್ಕಳಿಗೆ ಟೊರಾಂಟೊದಲ್ಲಾಗಲಿ ಮೆಲ್ಬರ್ನಿನಲ್ಲಾಗಲಿ ದೊರೆಯುವುದಿಲ್ಲ. ಮೊಸ್ಕೇನಿಯವರನ್ನು ತೋರಿಸಿ, 'ನೋಡು, ಅವರು ಸಾಧಿಸಲಿಲ್ಲವೇ' ಎಂದು ಮಗನಿಗೆ ದೂರವಾಣಿಯಲ್ಲಿ ಉಪದೇಶ ಮಾಡುವುದು ನ್ಯಾಯವಲ್ಲ.

ಆದರೂ ಅವರ ದಾರಿ ಸುಗಮವಾಗಿತ್ತೆಂದು ತಿಳಿಯಬಾರದು. ಫ್ರೆಸ್ಕೊ ಎಂಬ ಹಸಿಗಾರೆಯ ಚಿತ್ರವು ಬಲು ಹಟಮಾರಿ ಕಲೆ. ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಆರುವ ಮೊದಲೇ ನೀರಿನಲ್ಲಿ ಕದಡಿದ ಬಣ್ಣವನ್ನು ಹಚ್ಚಬೇಕು. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಲಾದೀತೋ ಅಷ್ಟಕ್ಕೇ ಗಾರೆ ಬಳಿಯಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಮೊದಲಿನಿಂದ ಆರಂಭಿಸಬೇಕು. ಬೆರ್ಗಾಮೊದ ಹವೆಯಲ್ಲಿ ಪಳಗಿದ ಕೈಗೆ ಮಂಗಳೂರಿನ ಮುಂಗಾರು, ಸಮುದ್ರದ ತೇವ, ಬೆವರು ಎಲ್ಲವೂ ಹೊಸತು. ಎರಡು ವರ್ಷಗಳಿಗೂ ಮಿಕ್ಕಿ ಸಾರವೆಯ ಮೇಲೆ ನಿಂತು, 1901ರ ಹೊತ್ತಿಗೆ ಅವರು ಕೆಲಸ ಮುಗಿಸಿದರು. ಗೋಡೆಗಳಿಗೆ ಫ್ರೆಸ್ಕೊ, ಛಾವಣಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣ. ಮಳೆನಾಡಿನ ಹೆಂಚಿನ ಮಾಡಿನಡಿಗೆ ಕ್ಯಾನ್ವಾಸನ್ನು ಆರಿಸಿಕೊಂಡದ್ದು ಜಾಣತನವೆಂದೇ ನಮ್ಮ ಎಣಿಕೆ.

ಛಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನಕಥೆಯಿದೆ. ಈ ಸಂತರು 1568ರಲ್ಲಿ ಹುಟ್ಟಿದ್ದು ಲೊಂಬಾರ್ದಿ ಸೀಮೆಯಲ್ಲಿ, ಅಂದರೆ ಮೊಸ್ಕೇನಿಯವರ ಸೀಮೆಯಲ್ಲಿಯೇ. ರಾಜಮನೆತನದ ಹಕ್ಕನ್ನು ತೊರೆದು, ರೋಮಿನಲ್ಲಿ ಪ್ಲೇಗು ಪೀಡಿತರ ಸೇವೆ ಮಾಡುತ್ತ 1591ರಲ್ಲಿ, 23ರ ಹರೆಯದಲ್ಲಿ ತೀರಿಕೊಂಡವರು. ಸಾವಿರಾರು ಮೈಲಿ ದಾಟಿ ಬಂದ ಚಿತ್ರಕಾರನಿಗೆ ತನ್ನೂರ ಕಡೆಯ ಹುಡುಗನ ಕಥೆಯನ್ನೇ ಬರೆಯುವ ಕೆಲಸ ಸಿಕ್ಕಿತು. ಮುಖಗಳು ಯುರೋಪಿನವರವಾಗಿಯೇ ಉಳಿದವು ಎಂದು ಆಕ್ಷೇಪಿಸುವವರಿದ್ದಾರೆ. ಹೊಸ ನಾಡಿಗೆ ಬಂದವನು ಮೊದಲು ತಾನು ಬಲ್ಲ ಮುಖಗಳನ್ನೇ ಬರೆಯುತ್ತಾನೆ. ಅದರಲ್ಲಿ ದೋಷವೇನೂ ನಮಗೆ ಕಾಣದು.

ಕುಂಚಕ್ಕೆ ಭಾಷೆ ಬೇಕಿಲ್ಲ. ಲೇಖನಿಗೆ ಬೇಕು. ಅದೇ ಸಭೆಯ ಇಟಲಿಯ ಗುರು ಆಂಜೆಲೊ ಮಾಫೆಯಿಯವರು ಅಕ್ಷರದ ಕೆಲಸ ಹಿಡಿದವರಾದ್ದರಿಂದ ಮೊದಲು ಇಲ್ಲಿನವರ ಮಾತಿಗೆ ಕಿವಿಗೊಟ್ಟು ಕೊಂಕಣಿ ಕಲಿಯಬೇಕಾಯಿತು. 1882ರಲ್ಲಿ ಅವರ ಕೊಂಕಣಿ ವ್ಯಾಕರಣ, 1883ರಲ್ಲಿ ನಿಘಂಟು ಹೊರಬಂದವು. ನಾಟಕವನ್ನೋ ಬರವಣಿಗೆಯನ್ನೋ ನೆಚ್ಚಿ ಹೊರದೇಶಕ್ಕೆ ಹೋಗುವ ಮಕ್ಕಳಿಗೆ ಚಿತ್ರಕಾರರಿಗಿಂತ ಹೆಚ್ಚು ವರ್ಷಗಳು ಹಿಡಿಯುವುದು ಸಹಜ. ಹೆತ್ತವರು ಈ ಲೆಕ್ಕವನ್ನು ತಿಳಿದಿದ್ದರೆ 'ಇನ್ನೂ ಏನೂ ಆಗಲಿಲ್ಲವೇ' ಎಂಬ ಪ್ರಶ್ನೆ ಕಡಿಮೆಯಾದೀತು.

ಇನ್ನೊಂದು ಬಗೆಯ ನೆಲೆಸುವಿಕೆಯೂ ನಮ್ಮ ಬೆಂಗಳೂರಿನ ಕಣ್ಣೆದುರಿಗೇ ಇದೆ. ರಷ್ಯದಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ರು ನಟಿ ದೇವಿಕಾರಾಣಿಯವರನ್ನು 1945ರಲ್ಲಿ ವಿವಾಹವಾಗಿ, ಮುಂದೆ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿ, 1993ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಪ್ರಸಿದ್ಧ ಚಿತ್ರಕಾರನ ಮಗನಾಗಿ, ತೋಟ, ಕೀರ್ತಿ ಎರಡನ್ನೂ ಉಳ್ಳವರಾಗಿ ಬಾಳಿದ ಅವರ ಕಥೆ ನಮ್ಮ ಬಡಾವಣೆಯ ಮಕ್ಕಳಿಗೆ ದೂರದ್ದು.

ಮೊಸ್ಕೇನಿಯವರ ಕಥೆಯಲ್ಲಿ ನಮಗೆ ಹತ್ತಿರವೆನಿಸುವುದು ಮಂಗಳೂರಿನ ನಂತರದ ಭಾಗ. ಒಂದು ಗೋಡೆಯನ್ನು ಕಂಡವರು ಇನ್ನೊಂದು ಗೋಡೆಗೆ ಕರೆದರು. ಜೆಪ್ಪುವಿನ ಸಂತ ಜೋಸೆಫರ ಗುರುಮಠ, ಮುಂಬಯಿಯ ಹೋಲಿ ನೇಮ್ ದೇವಾಲಯ, ಕೊನೆಗೆ ಕೊಚ್ಚಿಯ ಸಾಂತಾ ಕ್ರೂಜ್ ಪ್ರಧಾನಾಲಯ. ಪತ್ರಿಕೆಯ ಜಾಹೀರಾತು ನೋಡಿ ಹಾಕಿದ ಅರ್ಜಿಗಳಿಂದಲ್ಲ, ಮಾಡಿ ಮುಗಿಸಿದ ಕೆಲಸವನ್ನು ಕಣ್ಣಾರೆ ಕಂಡವರಿಂದ ಮುಂದಿನ ಕೆಲಸ ಬಂತು. ಹೊರದೇಶದ ಧರ್ಮಕೇಂದ್ರದಲ್ಲಿ ಕ್ರಿಸ್ಮಸ್ ಗೋದಲಿಯ ಹಿನ್ನೆಲೆಯ ಪರದೆ ಬರೆದುಕೊಡುವ, ಗಾಯನವೃಂದಕ್ಕೆ ಕೀಬೋರ್ಡ್ ನುಡಿಸುವ ಮಗಳ ಕೆಲಸವನ್ನು 'ಪುಕ್ಕಟೆ ದುಡಿಮೆ' ಎಂದು ನಾವು ಹೀಗಳೆಯುವ ಮೊದಲು ಇದನ್ನು ಯೋಚಿಸಬಹುದು. ಹಾಗೆಂದು ಪ್ರತಿವರ್ಷವೂ ಪುಕ್ಕಟೆಯಾಗಿಯೇ ದುಡಿಸಿಕೊಳ್ಳುವ ಧರ್ಮಕೇಂದ್ರಗಳನ್ನು ನಾವು ಮೆಚ್ಚುವುದಿಲ್ಲ. ಅದು ಬೇರೆಯೇ ಲೇಖನದ ವಿಷಯ.

ಮಂಗಳೂರಿನ ಪ್ರಾರ್ಥನಾಲಯದ ಚಿತ್ರಗಳು ಕಾಲಕ್ರಮದಲ್ಲಿ ಮಾಸಿದಾಗ ಇಂಟ್ಯಾಕ್ ಸಂಸ್ಥೆಯ ತಜ್ಞರು 1991ರಿಂದ 1994ರವರೆಗೆ ಅವುಗಳನ್ನು ಜೀರ್ಣೋದ್ಧಾರ ಮಾಡಿದರು. ಬರೆದದ್ದಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳಲು ಬೇಕಾಯಿತು.

ಕೊಚ್ಚಿಯಲ್ಲಿ ಮೊಸ್ಕೇನಿಯವರು ಒಬ್ಬರೇ ಇರಲಿಲ್ಲ. ಮಂಗಳೂರಿನವರೇ ಆದ ಡಿ ಗಾಮ ಎಂಬ ಶಿಷ್ಯರು ಜೊತೆಯಲ್ಲಿದ್ದರು. 1905ರ ನವೆಂಬರಿನಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಮೊಸ್ಕೇನಿಯವರು ಅಲ್ಲಿಯೇ ನಿಧನರಾದರು. ಕೆಲವೇ ದಿನಗಳ ನಂತರ, ಅದೇ ತಿಂಗಳ 19ರಂದು, ಅವರು ಅಲಂಕರಿಸಿದ ಆ ದೇವಾಲಯದ ಪವಿತ್ರೀಕರಣ ನಡೆಯಿತು.