ಬೇಸಿಗೆಯ ಮನೆ: ಜೀವ ಹುಟ್ಟುವ ಮುನ್ನವೇ ಎಚ್ಚರ

ಮಹಾವೀರ ಜಯಂತಿ ಕಳೆದು ಅಕ್ಷಯ ತೃತೀಯ ಬರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಎರಡು ಕೆಲಸ ನಡೆಯುತ್ತವೆ. ಮದುವೆ, ಪೂಜೆ, ನೆಂಟರಿಷ್ಟರ ಊಟಕ್ಕೆಂದು ಅಟ್ಟದ ಮೇಲಿನ ಹಿತ್ತಾಳೆ-ತಾಮ್ರದ ಪಾತ್ರೆಗಳು ಕೆಳಗಿಳಿಯುತ್ತವೆ. ಮೂಲೆ ಸೇರಿದ್ದ ಕೂಲರ್ ಕಿಟಕಿಯ ಬಳಿಗೆ ಬರುತ್ತದೆ. ಎರಡನ್ನೂ ಒರೆಸಿ ಬಳಸಿದರಾಯಿತು ಎಂದುಕೊಳ್ಳುತ್ತೇವೆ. ಆದರೆ ಮನೆಯವರ ಆರೋಗ್ಯ ಮತ್ತು ನಾವು ಪಾಲಿಸುವ ಜೀವದಯೆ, ಎರಡೂ ಈ ಸಣ್ಣ ಕೆಲಸಗಳಲ್ಲಿಯೇ ಅಡಗಿವೆ.

ಅಡುಗೆ ಮಾಡುವುದು, ಕಸ ಗುಡಿಸುವುದು, ನೀರು ತುಂಬುವುದು ಮುಂತಾದ ಮನೆಗೆಲಸದಲ್ಲಿ ಆಗುವ ಹಿಂಸೆಗೆ ‘ಆರಂಭಿ ಹಿಂಸೆ’ ಎಂದು ಹೆಸರು. ಗೃಹಸ್ಥನು ಇದನ್ನು ಪೂರ್ತಿಯಾಗಿ ಬಿಡಲಾರ. ಯತ್ನಾಚಾರದಿಂದ ಕಡಿಮೆ ಮಾಡಬಲ್ಲ. ಮುನಿಗಳ ಐದು ಸಮಿತಿಗಳಲ್ಲಿ ‘ಆದಾನ-ನಿಕ್ಷೇಪಣ’ವೂ ಒಂದು. ಅಂದರೆ ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಶ್ರಾವಕರ ಮನೆಗೂ ಇದರ ಒಂದಂಶ ಬಂದರೆ ಸಾಕು, ಅರ್ಧ ಕೆಲಸ ಮುಗಿದಂತೆ.

ಊರಿಗೆ ತಕ್ಕ ತಂಪು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿ, ಲಾವಂಚದ ತಟ್ಟಿ, ಕೂಲರ್ ಮೂರೂ ತಂಪು ಕೊಡುವುದು ಈ ಕಾರಣದಿಂದಲೇ. ಒಣಹವೆ ಇರುವ ಆದೋನಿ, ರಾಯದುರ್ಗ ಭಾಗಕ್ಕೂ ಇದು ಒಪ್ಪುತ್ತದೆ.

ಇದೇ ಕೂಲರನ್ನು ಕಾಸರಗೋಡಿನ ಬಂಧುಗಳು ಕೊಂಡರೆ ಹಣ ದಂಡ. ಕಡಲ ತೀರದ ಗಾಳಿಯಲ್ಲಿ ಮೊದಲೇ ತೇವವಿರುವುದರಿಂದ ನೀರು ಬೇಗ ಆವಿಯಾಗದು, ಕೋಣೆಯಲ್ಲಿ ಮುಗ್ಗಲು ಹೆಚ್ಚುತ್ತದೆ. ಅಲ್ಲಿಗೆ ಎದುರುಬದುರು ಕಿಟಕಿ, ಫ್ಯಾನು ಮತ್ತು ಹೆಂಚಿನ ಮಾಡೇ ಲೇಸು. ವಯನಾಡು, ನೀಲಗಿರಿಯವರಿಗೆ ಸೆಕೆಗಿಂತ ಮಳೆಗಾಲದ ಬೂಷ್ಟಿನ ಚಿಂತೆಯೇ ಹೆಚ್ಚು. ಪಾತ್ರೆಯಾಗಲಿ ಧಾನ್ಯವಾಗಲಿ, ಚೆನ್ನಾಗಿ ಒಣಗಿಸದೆ ಮುಚ್ಚಿಡಬಾರದು.

ಆರ್.ಸಿ.ಸಿ. ಮನೆಯವರು ಮಾಳಿಗೆಯ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲು ಹಿಂದಕ್ಕೆ ಪುಟಿದು ಕೆಳಗಿನ ಕೋಣೆ ತಂಪಾಗುತ್ತದೆ. ತೆಲಂಗಾಣ ಸರ್ಕಾರವು 2023ರಲ್ಲಿ ತಂಪು ಛಾವಣಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದೆ. ಅಂಗಡಿಯಲ್ಲಿ ಎ.ಸಿ. ಇದ್ದವರು 24 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ಹಾಕಿದರೆ ಕರೆಂಟಿನ ಬಿಲ್ಲೂ ಇಳಿಯುತ್ತದೆ.

ಕೂಲರಿನಲ್ಲಿ ನಿಂತ ನೀರು

ಗಾಳಿಸಿದ ನೀರಿಗೂ ಎರಡು ಗಳಿಗೆ, ಅಂದರೆ 48 ನಿಮಿಷದ ಮರ್ಯಾದೆ ಇಟ್ಟವರು ನಮ್ಮ ಹಿರಿಯರು. ಹದಿನೈದು ದಿನದಿಂದ ನಿಂತ ಕೂಲರಿನ ನೀರನ್ನು ಕಂಡರೆ ಅವರು ಏನೆಂದಾರು?

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ. ಮನೆಯೊಳಗಿನ ತಿಳಿನೀರೇ ಇಷ್ಟ. ಅದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ತೊಟ್ಟಿಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರೂ ಗೋಡೆಗಂಟಿದ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಉಳಿಯುತ್ತದೆ. ಮತ್ತೆ ನೀರು ತಾಗಿದೊಡನೆ ಮರಿ ಹೊರಬರುತ್ತದೆ.

ಮರಿಹುಳು ಕಾಣಿಸಿಕೊಂಡ ಮೇಲೆ ನಮ್ಮ ಮುಂದೆ ಒಳ್ಳೆಯ ದಾರಿ ಉಳಿಯುವುದಿಲ್ಲ. ಚೆಲ್ಲಿದರೆ ನೂರಾರು ಜೀವಗಳ ಹಾನಿ. ಬಿಟ್ಟರೆ ನಮ್ಮ ಮಕ್ಕಳಿಗೂ ನೆರೆಮನೆಯವರಿಗೂ ಜ್ವರ. ಸುಮ್ಮನೆ ಬಿಡುವುದನ್ನು ಅಹಿಂಸೆ ಎನ್ನಲಾಗದು. ಆದ್ದರಿಂದ ಹುಳು ಹುಟ್ಟುವ ಮೊದಲೇ ಕೆಲಸವಾಗಬೇಕು.

ವಾರಕ್ಕೊಮ್ಮೆ ತಪ್ಪದೆ ಕೂಲರಿನ ನೀರನ್ನು ಬಸಿದು ಹೂಗಿಡಗಳಿಗೆ ಹಾಕಿ. ತೊಟ್ಟಿಯ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ, ಪೂರ್ತಿ ಒಣಗಿಸಿ, ನಂತರ ಹೊಸ ನೀರನ್ನು ಗಾಳಿಸಿ ತುಂಬಿ. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ಬಸಿ, ಮೇಲಿನ ಟ್ಯಾಂಕಿನ ಮುಚ್ಚಳ ಇವನ್ನೂ ಅಂದೇ ನೋಡಿ. ಸೀಜನ್ ಮುಗಿದ ಮೇಲೆ ಕೂಲರಿನ ಹುಲ್ಲಿನ ಪ್ಯಾಡನ್ನು ಬಿಸಿಲಿಗೆ ಹಾಕಿಯೇ ಎತ್ತಿಡಿ.

ಇದಕ್ಕೆ ಅಷ್ಟಮಿ-ಚತುರ್ದಶಿಯ ಲೆಕ್ಕ ಹಿಡಿಯುವುದು ಬೇಡ. ಚತುರ್ದಶಿಯಿಂದ ಮುಂದಿನ ಅಷ್ಟಮಿಗೆ ಒಂಬತ್ತು ದಿನವಾಗುತ್ತದೆ. ಸೊಳ್ಳೆಗೆ ಅಷ್ಟೇ ಸಾಕು. ನಮ್ಮ ವ್ಯಾಪಾರಸ್ಥರ ಮನೆಗಳಿಗೆ ಪೇಟೆಯ ವಾರದ ರಜೆಯೇ ಒಳ್ಳೆಯದು. ಅಂದು ಗಂಡಸರೂ ಮನೆಯಲ್ಲಿರುತ್ತಾರೆ, ತೊಟ್ಟಿ ಎತ್ತಲು ಒಂದು ಕೈ ಹೆಚ್ಚು ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ನೀರು ತುಂಬುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡಿ. ತಗಡಿನ ಕೂಲರಿಗೆ ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಒದ್ದೆ ಕೈಯಲ್ಲಿ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

ಪಾತ್ರೆಗೆ ಕಲಾಯಿ

ಕಲಾಯಿಯಿಲ್ಲದ ತಾಮ್ರ-ಹಿತ್ತಾಳೆಯಲ್ಲಿ ಹುಣಸೆಹುಳಿ, ಮಜ್ಜಿಗೆ, ಟೊಮೆಟೊ ಸಾರು ಇಟ್ಟರೆ ಲೋಹವು ಕರಗಿ ಆಹಾರಕ್ಕೆ ಇಳಿಯುತ್ತದೆ. ಬಾಯಿಗೆ ಕಿಲುಬಿನ ರುಚಿ, ಹೊಟ್ಟೆಗೆ ತೊಳಸು, ವಾಂತಿ. ಪಾತ್ರೆಯ ಒಳಗೆ ಬೆಳ್ಳಿಬಣ್ಣ ಸವೆದು ಕೆಂಪು ಅಥವಾ ಹಳದಿ ಇಣುಕಿದರೆ ಕಲಾಯಿ ಹಾಕಿಸುವ ಕಾಲ ಬಂತೆಂದು ತಿಳಿಯಿರಿ.

ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ಕರಗಿಸಿ ಅರಳೆಯಿಂದ ತೀಡುವುದೇ ಕಲಾಯಿ. ತವರದಲ್ಲಿ ಸೀಸ ಬೆರೆತಿದ್ದರೆ ಅದು ವಿಷ. ಬೆಳೆಯುವ ಮಕ್ಕಳಿಗಂತೂ ಬಹಳ ಕೆಟ್ಟದ್ದು. ಅಂಗಡಿಯಲ್ಲಿ ಮಾಲನ್ನು ನೂರು ಸಲ ಪರೀಕ್ಷಿಸುವ ನಾವು ಕಲಾಯಿಯವನನ್ನು ತವರ ಶುದ್ಧವೇ ಎಂದು ಒಮ್ಮೆಯೂ ಕೇಳುವುದಿಲ್ಲ. ನಂಬಿಕೆಯ ಕಡೆಯಿಂದ ಶುದ್ಧ ತವರ ತರಿಸಿ ನಾವೇ ಕೊಡುವುದು ಉತ್ತಮ.

ತವರವು 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಆದ್ದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಇಡಬಾರದು, ಅದರಲ್ಲಿ ರವೆ, ಬೇಳೆ ಹುರಿಯಬಾರದು. ತಂತಿಬ್ರಶ್ಶಿನಿಂದ ಉಜ್ಜದೆ ನಾರು, ಸಾಬೂನು ಬಳಸಿದರೆ ಕಲಾಯಿ ಬಾಳುತ್ತದೆ.

ರೊಟ್ಟಿಯ ಕಬ್ಬಿಣದ ಹಂಚನ್ನು ತೊಳೆದು ಒದ್ದೆಯಾಗಿ ಬಿಟ್ಟರೆ ಮಾರನೆಯ ದಿನ ತುಕ್ಕು. ಒಲೆಯ ಶಾಖದಲ್ಲಿ ಒಣಗಿಸಿ, ತೆಳುವಾಗಿ ಶೇಂಗಾ ಎಣ್ಣೆ ಸವರಿಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ರಾತ್ರಿಯಿಡೀ ಇಡಬೇಡಿ.

ಸಂಜೆಯ ಅನುಕೂಲ

ಎಂಜಲು ಪಾತ್ರೆಗಳು ರಾತ್ರಿ ಹಾಗೇ ಬಿದ್ದರೆ ಇರುವೆ, ಜಿರಳೆ ಬರುತ್ತವೆ. ಆಮೇಲೆ ಔಷಧಿ ಹೊಡೆಯುವ ಮಾತು ಬರುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗೆ ಇಲ್ಲೊಂದು ಸಹಜವಾದ ಅನುಕೂಲವಿದೆ. ಬೆಳಕಿರುವಾಗಲೇ ಪಾತ್ರೆ ತೊಳೆದು, ಒರೆಸಿ, ಬೋರಲು ಹಾಕಬಹುದು. ಬೇಳೆಕಾಳಿನ ಡಬ್ಬಿ ಬಿಗಿಯಾಗಿದ್ದು ಒಲೆಕಟ್ಟೆ ಒಣಗಿದ್ದರೆ ಇರುವೆಗೆ ನಮ್ಮ ಮನೆಯಲ್ಲಿ ಕೆಲಸವೇ ಇರದು.

ಸೊಳ್ಳೆಗೆ ಬತ್ತಿ, ಇರುವೆಗೆ ಪುಡಿ, ಜಿರಳೆಗೆ ಔಷಧಿ ಎಂದು ದುಡ್ಡು ಕೊಟ್ಟು ಪಾಪ ಕೊಳ್ಳುವುದಕ್ಕಿಂತ ವಾರಕ್ಕೊಂದು ಗಂಟೆ ತೊಟ್ಟಿ ತಿಕ್ಕುವುದು, ದಿನವೂ ಕಾಲು ಗಂಟೆ ಪಾತ್ರೆ ಒಣಗಿಸುವುದು ಅಗ್ಗದ ವ್ಯಾಪಾರ. ಈ ರಜೆಯಲ್ಲಿ ಮಕ್ಕಳನ್ನೂ ಜೊತೆಗೆ ಕೂಡಿಸಿಕೊಳ್ಳಿ. ಪಾಠಶಾಲೆಯಲ್ಲಿ ಕಲಿತ ಅಹಿಂಸೆಯನ್ನು ಅವರು ಕೈಯಾರೆ ಮಾಡಿ ತಿಳಿಯುವರು.