ಹೃದಯದೊಳಗೆ ಮೂಳೆ ಕಂಡರೆ

ಹುಡುಗನೊಬ್ಬನ ಹೃದಯದ ಬಲಗೋಣೆಯಲ್ಲಿ ಒಂದು ಗಡ್ಡೆ. ಎಕೋ ಪರೀಕ್ಷೆಯಲ್ಲಿ ಅದು ಹೆಪ್ಪುಗಟ್ಟಿದ ರಕ್ತದಂತೆಯೇ ಕಾಣುತ್ತದೆ. ರಕ್ತ ತೆಳುವಾಗಿಸುವ ಔಷಧಿ ಶುರುವಾಗುತ್ತದೆ, ಗಡ್ಡೆ ಕರಗುವುದಿಲ್ಲ. ಆ ಹುಡುಗನಿಗೆ ಹಿಂದೆ ಮೊಣಕಾಲಿನ ಮೂಳೆ ಕ್ಯಾನ್ಸರ್ ಆಗಿತ್ತು ಎಂಬ ಒಂದು ಸಾಲು ಚೀಟಿಯಲ್ಲಿ ಬರೆದಿದ್ದರೆ, ವೈದ್ಯರ ಯೋಚನೆ ಬೇರೆ ದಾರಿ ಹಿಡಿಯುತ್ತಿತ್ತು. ಇಂಥ ಪ್ರಸಂಗಗಳು ಅಪರೂಪ, ಆದರೆ ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ದಾಖಲಾಗಿವೆ.

ಆಸ್ಟಿಯೋಸಾರ್ಕೋಮಾ ಎಂಬ ಈ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಕಾಡುವುದು ಸರಸರನೆ ಎತ್ತರಕ್ಕೆ ಬೆಳೆಯುತ್ತಿರುವ ಹದಿಹರೆಯದ ಮಕ್ಕಳನ್ನು, ಅದರಲ್ಲೂ ಮೊಣಕಾಲಿನ ಆಸುಪಾಸಿನಲ್ಲಿ. ಹರಡಿದರೆ ಮೊದಲು ಹೋಗುವುದು ಶ್ವಾಸಕೋಶಕ್ಕೆ. ಕಾಲಿನ ರಕ್ತ ಹೃದಯದ ಬಲಭಾಗಕ್ಕೆ ಬಂದು ಅಲ್ಲಿಂದ ನೇರವಾಗಿ ಶ್ವಾಸಕೋಶದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಗಡ್ಡೆಯಿಂದ ಕಳಚಿಬಂದ ಜೀವಕೋಶಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆದರೆ ರಕ್ತದ ಹಾದಿಯೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಜನರ ಶವಪರೀಕ್ಷೆಯ ದಾಖಲೆ ನೋಡಿ, ಬೀಜ ಎಲ್ಲೆಡೆ ಬಿದ್ದರೂ ಒಗ್ಗಿದ ನೆಲದಲ್ಲಷ್ಟೇ ಮೊಳೆಯುತ್ತದೆ ಎಂದಿದ್ದ.

1970ರ ದಶಕಕ್ಕೆ ಮೊದಲು ಕಾಲು ಕತ್ತರಿಸುವುದೇ ಮುಖ್ಯ ಚಿಕಿತ್ಸೆ. ಹಾಗೆ ಮಾಡಿದರೂ ನೂರಕ್ಕೆ ಎಂಬತ್ತರಷ್ಟು ಜನ ಉಳಿಯುತ್ತಿರಲಿಲ್ಲ. ಆಮೇಲೆ ಕಿಮೋ ಬಂತು. ಅದರಲ್ಲಿ ಮುಖ್ಯವಾದ ಮೆಥೋಟ್ರೆಕ್ಸೇಟ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ರೂಪುಗೊಂಡಿತ್ತು; ಆ ಸಂಶೋಧನೆಯ ಮುಂದಾಳು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಈಗ, ರೋಗ ಹರಡುವ ಮೊದಲೇ ಸಿಕ್ಕವರಲ್ಲಿ ನೂರಕ್ಕೆ ಅರವತ್ತು ಎಪ್ಪತ್ತು ಮಂದಿ ಐದು ವರ್ಷ ದಾಟುತ್ತಾರೆ. ಬದುಕು ಉದ್ದವಾದಂತೆ, ಹಿಂದೆ ಕಾಣಿಸಿಕೊಳ್ಳಲು ಸಮಯವೇ ಸಿಗದಿದ್ದ ಜಾಗಗಳಲ್ಲೂ ರೋಗ ತಲೆಯೆತ್ತುತ್ತಿದೆ: ಮೇದೋಜೀರಕ, ಮೂತ್ರಪಿಂಡ, ಮೆದುಳು, ಹೃದಯ.

ಅದನ್ನು ಪತ್ತೆಹಚ್ಚಲು ರೋಗವೇ ಒಂದು ಸುಳಿವು ಕೊಡುತ್ತದೆ. ಈ ಜೀವಕೋಶಗಳು ಎಲ್ಲಿ ಹೋದರೂ ಮೂಳೆ ಕಟ್ಟುವ ಗುಣ ಬಿಡುವುದಿಲ್ಲ. ಆದ್ದರಿಂದ ಸಿಟಿ ಸ್ಕ್ಯಾನ್‌ನಲ್ಲಿ ಮೆತ್ತನೆಯ ಅಂಗದ ನಡುವೆ ಬೆಳ್ಳಗಿನ ಸುಣ್ಣದಂಶ ಕಾಣುತ್ತದೆ. ಟೆಕ್ನೀಷಿಯಂ ಚುಚ್ಚಿ ಮಾಡುವ ಬೋನ್ ಸ್ಕ್ಯಾನ್‌ನಲ್ಲಿ, ಅಸ್ಥಿಪಂಜರದ ಹೊರಗೊಂದು ಚುಕ್ಕೆ ಹೊಳೆಯಬಹುದು. ಆದರೆ ಮೂತ್ರಪಿಂಡದ ಸುಣ್ಣವನ್ನು ಕಲ್ಲು ಎಂದು ಓದಿಬಿಡುವುದು ಸುಲಭ. ದುಗ್ಧಗ್ರಂಥಿಯಲ್ಲಿದ್ದರೆ ನಮ್ಮಲ್ಲಿ ಮೊದಲು ಹೊಳೆಯುವುದು ಹಳೆಯ ಟಿಬಿ. ಖಚಿತವಾಗಬೇಕಾದರೆ ಬಯಾಪ್ಸಿ ಬೇಕು. ಸ್ಯಾಟ್‌ಬಿ2 ಎಂಬ ಬಣ್ಣಪರೀಕ್ಷೆ ನೆರವಾಗುತ್ತದೆ, ಆದರೆ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಹೊಸ ಸ್ಲೈಡನ್ನು ಹಳೆಯದರ ಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಮೂಳೆಯ ಇನ್ನೊಂದು ಕ್ಯಾನ್ಸರ್ ಯೂಯಿಂಗ್ ಸಾರ್ಕೋಮಾವನ್ನು ಗುರುತಿಸುವುದು ಇನ್ನೂ ಕಠಿಣ. ಅದು ಮೂಳೆ ಕಟ್ಟುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವ ದುಂಡನೆಯ ಚಿಕ್ಕ ಜೀವಕೋಶಗಳು ಲಿಂಫೋಮಾ ಇರಬಹುದೇ ಎಂಬ ಅನುಮಾನ ಹುಟ್ಟಿಸುತ್ತವೆ. ಅಲ್ಲಿ ಇಡಬ್ಲ್ಯುಎಸ್‌ಆರ್1 ಜೀನ್ ಮುರಿದು ಬೇರೆಯದರೊಂದಿಗೆ ಕೂಡಿಕೊಂಡಿದೆಯೇ ಎಂದು ನೋಡಬೇಕು. ಮೂಳೆಯ ತುಣುಕನ್ನು ಮೆದುವಾಗಿಸಲು ಬಳಸುವ ಆಮ್ಲ ಡಿಎನ್‌ಎಯನ್ನೇ ಹಾಳುಮಾಡುತ್ತದೆ. ಹಾಗಾಗಿ ಮೆತ್ತನೆಯ ಅಂಗದಿಂದ ತೆಗೆದ ಹೊಸ ತುಣುಕಿನಲ್ಲಿ ಈ ಪರೀಕ್ಷೆ ಕೆಲವೊಮ್ಮೆ ಚೆನ್ನಾಗಿ ನಡೆಯುತ್ತದೆ.

ಆದರೆ ಹಳೆಯ ಸ್ಲೈಡ್ ಕೈಗೆ ಸಿಗುವುದು ಸುಲಭವಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಎಷ್ಟೋ ಕುಟುಂಬಗಳಿಗೆ ದೊಡ್ಡ ಕಾಯಿಲೆ ಎಂದರೆ ಇಂದಿಗೂ ಹೈದರಾಬಾದೇ. 1956ರವರೆಗೆ ಈ ಜಿಲ್ಲೆಗಳಿಗೆ ಅದೇ ರಾಜಧಾನಿಯಾಗಿತ್ತು. ಮೆಹದಿ ನವಾಜ್ ಜಂಗ್ ಹೆಸರಿನ, ರೆಡ್ ಹಿಲ್ಸ್‌ನ ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಅಲ್ಲಿದೆ. ಮೂಳೆ ಆಸ್ಪತ್ರೆಯಾಗಿ ಹುಟ್ಟಿ ಬೆಳೆದ ಪಂಜಾಗುಟ್ಟದ ನಿಮ್ಸ್ ಅಲ್ಲಿದೆ. ಮೊದಲ ಬಯಾಪ್ಸಿ ಊರ ಹತ್ತಿರ, ಆಪರೇಷನ್ ಹೈದರಾಬಾದಿನಲ್ಲಿ, ಕಿಮೋ ಬೆಂಗಳೂರಿನ ಕಿದ್ವಾಯಿಯಲ್ಲಿ ಎಂದಾದರೆ ರೋಗದ ಚರಿತ್ರೆ ಮೂರು ಕಡೆ ಹಂಚಿಹೋಗುತ್ತದೆ. ಮನೆಯವರು ವರದಿಯ ಕಾಗದ ಜೋಪಾನ ಮಾಡುತ್ತಾರೆ. ಬಯಾಪ್ಸಿ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳೂ ಬೇಕೆಂದು ಯಾರೂ ಹೇಳದೆ ಅವರಿಗೆ ಹೇಗೆ ತಿಳಿದೀತು? ಅವನ್ನು ಬರವಣಿಗೆಯಲ್ಲಿ ಕೇಳಿದರೆ ಪ್ರಯೋಗಾಲಯಗಳು ಸಾಮಾನ್ಯವಾಗಿ ಕೊಡುತ್ತವೆ. ಕೇಳಬೇಕೆಂದು ಮೊದಲ ದಿನವೇ ತಿಳಿಸುವುದು ಆಸ್ಪತ್ರೆಯ ಕರ್ತವ್ಯ ಎಂದು ನಾನು ದೃಢವಾಗಿ ನಂಬುತ್ತೇನೆ.

ಇದು ಬರೀ ದಾಖಲೆಯ ಮಾತಲ್ಲ. ಮೇದೋಜೀರಕದಲ್ಲೇ ಹುಟ್ಟಿದ ಕ್ಯಾನ್ಸರ್‌ಗೆ ಕೊಡುವ ಔಷಧಿ ಬೇರೆ, ಮೂಳೆಯಿಂದ ಬಂದದ್ದಕ್ಕೆ ಬೇರೆ. ಹರಡಿದ ಗಡ್ಡೆ ಒಂದೇ ಇದ್ದು, ಬೇರೆಲ್ಲೂ ರೋಗವಿಲ್ಲದಿದ್ದರೆ, ಅದನ್ನು ಪೂರ್ತಿ ಕತ್ತರಿಸಿ ತೆಗೆಯಲು ಸಾಧ್ಯವೇ ಎಂದು ಶಸ್ತ್ರಚಿಕಿತ್ಸಕರು ಪರಿಶೀಲಿಸುತ್ತಾರೆ.