ಮೋಟಾರು ಕಾರುಗಳ ಇಂಜಿನ್ ಭಾಗದ ಶುಚೀಕರಣ: ವಾಹನ ಮಾಲೀಕರಿಗೆ ಮಾಹಿತಿ

ಸ್ವಂತ ಬಳಕೆಯ ಕಾರಿನ ನೋಂದಣಿಯು ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ ಮೇರೆಗೆ 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ತದನಂತರ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಇದಕ್ಕೆ ಹಿಂದಿನ ದಿನ ಇಂಜಿನ್ ಭಾಗವನ್ನು ರಭಸದ ನೀರಿನಿಂದ ತೊಳೆಸುವ ವಾಡಿಕೆಯುಂಟು. ಉದ್ದೇಶ ಒಳ್ಳೆಯದಾದರೂ ವಿಧಾನ ಸರಿಯಲ್ಲ. ವಿದ್ಯುತ್ ಜೋಡಣೆಗಳೊಳಗೆ ನೀರು ಸೇರಿ, ತಪಾಸಣೆಯ ದಿನವೇ ವಾಹನವು ಚಾಲೂ ಆಗದಿರಬಹುದು.

ಶುಚಿತ್ವವು ಕೇವಲ ಅಂದಕ್ಕಾಗಿ ಅಲ್ಲ. ಧೂಳು ಮತ್ತು ಎಣ್ಣೆ ಬೆರೆತು ಕಟ್ಟಿದ ಜಿಡ್ಡಿನಡಿಯಲ್ಲಿ ಸೋರಿಕೆಯ ಸ್ಥಳ ಕಾಣುವುದಿಲ್ಲ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಒಣಗಿದ ಎಲೆ, ಇಲಿಗಳು ತಂದಿಟ್ಟ ಕಸ ಬಿಸಿಯಾದ ಹೊಗೆ ಕೊಳವೆಗೆ ತಗುಲಿದರೆ ಬೆಂಕಿಯ ಅಪಾಯವುಂಟು. ಮುಂದಿನ ಗಾಜಿನ ಕೆಳಗೆ ಎಲೆ ತುಂಬಿ ನೀರು ಹರಿಯುವ ರಂಧ್ರ ಮುಚ್ಚಿದಲ್ಲಿ ಮಳೆನೀರು ಕಾರಿನೊಳಗೆ ಇಳಿಯುತ್ತದೆ.

ಇಂಜಿನ್ ಪೂರ್ಣ ತಣ್ಣಗಾದ ನಂತರವೇ ಕೆಲಸ ಆರಂಭಿಸತಕ್ಕದ್ದು. ಮೊದಲಿಗೆ ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ ಮತ್ತು ಏರ್ ಫಿಲ್ಟರಿನ ಗಾಳಿ ಬಾಯಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಒಣ ಕಸವನ್ನು ಕುಂಚದಿಂದ ತೆಗೆದು, ಜಿಡ್ಡಿರುವಲ್ಲಿ ಮಾತ್ರ ಇಂಜಿನ್ ಶುಚಿಕಾರಕ ದ್ರವ ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿ ಪುಡಿಗೆ ಅಡುಗೆ ಸೋಡಾ ಬೆರೆಸಿದ ನೀರು ಉತ್ತಮ. ಆದರೆ ಅದು ಬ್ಯಾಟರಿಯ ಒಳಕ್ಕೆ ಹೋಗಬಾರದು. ಎಲ್ಲವೂ ಒಣಗಿದ ಮೇಲೆ ಹೊದಿಕೆಗಳನ್ನು ತೆಗೆದು, ತಂತಿಯನ್ನು ಮರಳಿ ಜೋಡಿಸತಕ್ಕದ್ದು.

ಸೀಮೆಎಣ್ಣೆ ಅಥವಾ ಡೀಸೆಲ್ ಸಿಂಪಡಿಸಿ ಇಂಜಿನನ್ನು ಹೊಳೆಯಿಸುವ ಪದ್ಧತಿಯು ಕೆಲವೆಡೆ ಇಂದಿಗೂ ಇದೆ. ಇದನ್ನು ಖಂಡಿತವಾಗಿ ಬಿಡಬೇಕು. ಇವುಗಳಿಂದ ರಬ್ಬರ್ ಕೊಳವೆಗಳು ಉಬ್ಬಿ ಮೆತ್ತಗಾಗುತ್ತವೆ. ಸಂದುಗಳಲ್ಲಿ ಉಳಿದ ಅಂಶವು ಇಂಜಿನ್ ಕಾದಾಗ ಹೊತ್ತಿಕೊಳ್ಳಬಹುದು. ಹೊಳಪು ಕೆಲವೇ ದಿನ ಇರುತ್ತದೆ. ಅದರ ಮೇಲೆ ಧೂಳು ಮೊದಲಿಗಿಂತ ಬೇಗ ಅಂಟುತ್ತದೆ.

ಚಾಸಿ ಸಂಖ್ಯೆಯ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಅನೇಕ ಮಾದರಿಗಳಲ್ಲಿ ಇದು ಇಂಜಿನ್ನಿನ ಹಿಂದಿರುವ ತಗಡಿನ ಗೋಡೆಯ ಮೇಲೆ ಕೊರೆಯಲ್ಪಟ್ಟಿರುತ್ತದೆ. ಕೆಲವದರಲ್ಲಿ ಆಸನದ ಕೆಳಗಿರುತ್ತದೆ. ಮೋಟಾರು ವಾಹನ ನಿರೀಕ್ಷಕರು ಇದನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡುತ್ತಾರೆ. ತುಕ್ಕು ಕಂಡುಬಂದಲ್ಲಿ ತಂತಿ ಕುಂಚ, ಉಜ್ಜುಕಾಗದಗಳಿಂದ ತಿಕ್ಕಬಾರದು. ಮೇಲೆ ಬಣ್ಣವನ್ನೂ ಬಳಿಯಬಾರದು. ಅಂಕಿಗಳು ಸವೆದರೆ ಸಂಖ್ಯೆಯನ್ನು ತಿದ್ದಲಾಗಿದೆಯೆಂಬ ಅನುಮಾನಕ್ಕೆ ಎಡೆಯಾಗುತ್ತದೆ, ನಿರಪರಾಧಿ ಮಾಲೀಕರೂ ವಿವರಣೆ ನೀಡುವ ಪ್ರಸಂಗ ಬರುತ್ತದೆ. ತುಸು ಎಣ್ಣೆ ಹಚ್ಚಿದ ಬಟ್ಟೆಯಿಂದ ಮೃದುವಾಗಿ ಒರೆಸುವುದೇ ಸರಿಯಾದ ಕ್ರಮ.

ಜಿಡ್ಡು ಬೆರೆತ ನೀರನ್ನು ರಾಜಕಾಲುವೆಗೆ ಅಥವಾ ಕೆರೆಯಂಗಳಕ್ಕೆ ಬಿಡಬಾರದು. ಎಣ್ಣೆ ಒರೆಸಿದ ಬಟ್ಟೆಗಳನ್ನು ರಾಶಿ ಹಾಕದೆ, ಹರಡಿ ಒಣಗಿಸಿ ವಿಲೇವಾರಿ ಮಾಡತಕ್ಕದ್ದು. ಮಾರ್ಚ್ 2024ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ಉಲ್ಲಂಘನೆಗೆ ರೂ. 5,000 ದಂಡ ನಿಗದಿಪಡಿಸಿದ್ದನ್ನು ಇಲ್ಲಿ ಸ್ಮರಿಸಬಹುದು.

ವಿದ್ಯುತ್ ಚಾಲಿತ ಹಾಗೂ ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟೇಜಿನವು, ಅವುಗಳನ್ನು ಮುಟ್ಟಬಾರದು. ಇಂತಹ ವಾಹನಗಳ ಹಾಗೂ ಸಿಎನ್‌ಜಿ ಅಳವಡಿಸಿದ ವಾಹನಗಳ ಇಂಜಿನ್ ಭಾಗದ ಶುಚೀಕರಣವನ್ನು ಅಧಿಕೃತ ಸೇವಾ ಕೇಂದ್ರದಲ್ಲಿಯೇ ಮಾಡಿಸತಕ್ಕದ್ದು.